ಕೆನಡಾಕ್ಕೆ ಹೊರಟಿದ್ದೇವೆ, ಕಲಬುರಗಿ ಮನೆ ಮಾರೋದಾ, ಬಾಡಿಗೆಗೆ ಕೊಡೋದಾ?

ಪ್ರಶ್ನೆ: ನನಗೆ 38 ವರ್ಷ, ಹೆಂಡತಿ ಸ್ಟಾಫ್ ನರ್ಸ್, ಇಬ್ಬರು ಸಣ್ಣ ಮಕ್ಕಳು. ಕೆನಡಾ ಪಿ.ಆರ್. (ಕಾಯಂ ವಾಸದ ಅನುಮತಿ) ಬಂದಿದೆ, 2026ರ ಜನವರಿ ಮೂರನೇ ವಾರ ಹೊರಡುತ್ತೇವೆ. ಜೇವರ್ಗಿ ರಸ್ತೆ ಕಡೆ 30×40 ಪ್ಲಾಟಿನಲ್ಲಿ ನನ್ನ ಹೆಸರಿನ ಮನೆ ಇದೆ. ಪ್ಲಾಟ್ 2011ರ ದೀಪಾವಳಿ ಹೊತ್ತಿಗೆ 5 ಲಕ್ಷಕ್ಕೆ ತಗೊಂಡಿದ್ದು, 2014ರ ಕೊನೆಗೆ 21 ಲಕ್ಷ ಹಾಕಿ ಕಟ್ಟಿಸಿದೆ. ಕೆಳಗೆ ಎರಡು ಬೆಡ್‌ರೂಮ್, ಮೇಲೆ ಒಂದು ಕೋಣೆ. ಸಾಲ ಇನ್ನೂ 6 ಲಕ್ಷ ಬಾಕಿ. 62 ಲಕ್ಷಕ್ಕೆ ಒಬ್ಬ ಗಿರಾಕಿ ಬಂದಿದ್ದಾರೆ, ಆದರೆ 37 ಲಕ್ಷ ಬ್ಯಾಂಕಿನಲ್ಲಿ, 25 ಲಕ್ಷ ನಗದು ಅಂತಾರೆ. ಬಾಡಿಗೆಗೆ ಕೊಟ್ಟರೆ ತಿಂಗಳಿಗೆ 13,000 ಬರಬಹುದು. ಅಪ್ಪ, ಅವ್ವ ಆಳಂದದಲ್ಲಿ ತಮ್ಮನ ಜೊತೆ ಇದ್ದಾರೆ. ತಮ್ಮ ‘ಮಾರಬ್ಯಾಡ ಅಣ್ಣಾ’ ಅಂತಾನೆ, ಹೈದರಾಬಾದಿನ ಭಾವ ‘ಮಾರಿ ಕೈ ತೊಳ್ಕೋ’ ಅಂತಾರೆ. ಅಪ್ಪ ಏನೂ ಹೇಳಲ್ಲ, ಮನೆ ಮಾತು ಬಂದರೆ ಎದ್ದು ಹೊರಗೆ ಹೋಗ್ತಾರೆ. ಆಳಂದದಲ್ಲಿ ನನ್ನ ಹೆಸರಿಗೆ 4 ಎಕರೆ ತೊಗರಿ ಹೊಲ ಬೇರೆ ಇದೆ. ಏನು ಮಾಡಲಿ?

ಉತ್ತರ:

ಮೊದಲು ನೇರವಾಗಿ ಹೇಳಿಬಿಡ್ತೀನಿ. ಈ ಗಿರಾಕಿಗೆ ಮಾರಬೇಡಿ. ಪೂರ್ತಿ ಹಣ ಬ್ಯಾಂಕಿನಲ್ಲೇ ಕೊಡೋರು ಮಾರ್ಚ್ 31ರೊಳಗೆ ಸಿಕ್ಕರೆ ಕೂತು ಯೋಚನೆ ಮಾಡೋಣ. ಸಿಗದಿದ್ದರೆ ಕೆಳಗಿನ ಮನೆ ಬಾಡಿಗೆಗೆ ಕೊಡಿ, ಮೇಲಿನ ಕೋಣೆಗೆ ನಿಮ್ಮದೇ ಬೀಗ ಹಾಕಿ ಹೋಗಿ. ನನ್ನ ಮನಸ್ಸು ಈ ಎರಡನೇದರ ಕಡೆಗೇ ಇದೆ, ಯಾಕೆ ಅಂತ ಹೇಳ್ತೀನಿ.

ಆ 25 ಲಕ್ಷ ನಗದಿನಿಂದಲೇ ಶುರು ಮಾಡೋಣ. ನಮ್ಮ ಊರಲ್ಲಿ ಇದು ಹೊಸ ಮಾತೇನಲ್ಲ. ‘ರಿಜಿಸ್ಟ್ರಿ ಇಷ್ಟಕ್ಕೆ, ಉಳಿದದ್ದು ಕೈಗೆ’ ಅಂತ ಚಹಾ ಕುಡೀತಾ ಮಾತು ಮುಗಿದುಹೋಗುತ್ತೆ. ಇಲ್ಲೇ ಇರೋರು ಆ ನಗದನ್ನ ಇನ್ನೊಂದು ಪ್ಲಾಟಿಗೋ ಮಗಳ ಮದುವೆಗೋ ಹಾಕಿ ಮುಗಿಸ್ತಾರೆ, ಅದೂ ತಪ್ಪೇ, ಆದರೆ ಹೇಗೋ ನಡೆಯುತ್ತೆ ಅಂತ ಅಂದುಕೊಂಡಿರ್ತಾರೆ. ನೀವು ಏನು ಮಾಡ್ತೀರಿ? ಚೀಲದಲ್ಲಿಟ್ಟು ಟೊರಾಂಟೋಕ್ಕೆ ಒಯ್ಯೋಕಾಗಲ್ಲ. ಬ್ಯಾಂಕಿಗೆ ಕಟ್ಟಿದರೆ ಎಲ್ಲಿಂದ ಬಂತು ಅಂತ ಕೇಳ್ತಾರೆ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ತಗೊಂಡಷ್ಟೇ ದಂಡ ಹಾಕೋ ಕಾನೂನಿದೆ, ಅಂದ್ರೆ 25 ಲಕ್ಷಕ್ಕೆ 25 ಲಕ್ಷ. ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕಿನವರು ಖರೀದಿ ಪತ್ರದ ನಕಲು ಕೇಳ್ತಾರೆ. ಅದರಲ್ಲಿ 37 ಅಂತ ಇದ್ದರೆ ನಿಮಗೆ ಮನೆ ಹೋಗಿದ್ದು 37ಕ್ಕೇ. ಉಳಿದ 25 ಯಾರದೋ ಅಲಮಾರಿಯಲ್ಲಿ ಇರುತ್ತೆ, ಮೂರು ವರ್ಷ ಆದ ಮೇಲೆ ಎಷ್ಟು ಉಳಿದಿದೆ ಅಂತ ಕೇಳೋಕೂ ನಿಮಗೆ ಸಂಕೋಚ ಆಗುತ್ತೆ.

ಈಗ ತಾರೀಖಿನ ವಿಷಯ. ನಿಮ್ಮ ಭಾವನಿಗೂ ತಮ್ಮನಿಗೂ ಇದು ಗೊತ್ತಿರಲಿಕ್ಕಿಲ್ಲ. ಒಂದು ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿ ಇದ್ದರೆ ಆ ವರ್ಷಕ್ಕೆ ನೀವು ತೆರಿಗೆ ಲೆಕ್ಕದಲ್ಲಿ ನಿವಾಸಿ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 29ಕ್ಕೆ 182 ಮುಗಿಯುತ್ತೆ. ನೀವು ಹೊರಡೋದು ಜನವರಿಯಲ್ಲಿ. ಹಾಗಾಗಿ 2025-26ಕ್ಕೆ ನೀವು ನಿವಾಸಿಯೇ, ಫೆಬ್ರುವರಿಯಲ್ಲಿ ನೀವು ಅಲ್ಲಿ ಹಿಮ ಗೋರುತ್ತಾ ಇದ್ದರೂ ಸರಿ. ಮಾರ್ಚ್ 31ರೊಳಗೆ ಮನೆ ಮಾರಾಟ ಆದರೆ ಒಂದು ಲೆಕ್ಕ, ಆಮೇಲೆ ಆದರೆ ಇನ್ನೊಂದು.

ನಿಮ್ಮ ಅಂಕಿಯನ್ನೇ ಹಿಡಿಯೋಣ. 62 ಲಕ್ಷ ಪೂರ್ತಿ ಬ್ಯಾಂಕಿನಲ್ಲಿ ಬಂತು ಅಂತಿಟ್ಟುಕೊಳ್ಳಿ. ಹಾಕಿದ್ದು 26, ಲಾಭ 36. ಇದಕ್ಕೆ 12.5% ಅಂದ್ರೆ 4.5 ಲಕ್ಷ ತೆರಿಗೆ. ಆದರೆ 2024ರ ಜುಲೈ 23ಕ್ಕಿಂತ ಮುಂಚೆ ತಗೊಂಡ ಮನೆ, ಜಾಗಕ್ಕೆ ನಿವಾಸಿಗಳಿಗೆ ಇನ್ನೊಂದು ದಾರಿ ಬಿಟ್ಟಿದ್ದಾರೆ: ಹಣದುಬ್ಬರದ ಸೂಚ್ಯಂಕ ಹಾಕಿ 20%. ಪ್ಲಾಟಿನ 5 ಲಕ್ಷ ಆಗಿನ ಸೂಚ್ಯಂಕ 184ರಿಂದ 2025-26ರ 376ಕ್ಕೆ ಏರಿಸಿದರೆ 10.2 ಲಕ್ಷ ಆಗುತ್ತೆ. ಕಟ್ಟಡದ 21 ಲಕ್ಷ 240ರಿಂದ 376ಕ್ಕೆ ಏರಿಸಿದರೆ 32.9. ಒಟ್ಟು 43 ಲಕ್ಷದ ಮೇಲೆ. ಲಾಭ 19ಕ್ಕೂ ಕಡಿಮೆ, ತೆರಿಗೆ 3.8 ಲಕ್ಷದ ಹತ್ತಿರ. ಎರಡರಲ್ಲಿ ಕಡಿಮೆ ಯಾವುದೋ ಅದನ್ನ ಕಟ್ಟಿದರೆ ಸಾಕು, ಸೆಸ್ ಬೇರೆ. ಅನಿವಾಸಿ ಆದ ಮೇಲೆ ಮಾರಿದರೆ ಈ ಆಯ್ಕೆ ಇಲ್ಲ. 4.5 ಲಕ್ಷವೇ.

ಎಪ್ಪತ್ತು ಸಾವಿರದ ವ್ಯತ್ಯಾಸಕ್ಕೆ ಇಷ್ಟು ಮಾತಾ ಅನ್ನಬೇಡಿ, ದೊಡ್ಡ ಪೆಟ್ಟು ಬೀಳೋದು ಟಿಡಿಎಸ್‌ನಲ್ಲಿ, ಅಂದ್ರೆ ಹಣ ಕೊಡೋರೇ ಮುಂಚೆ ಹಿಡಿದು ಸರ್ಕಾರಕ್ಕೆ ಕಟ್ಟೋ ತೆರಿಗೆಯಲ್ಲಿ. ಮಾರೋರು ನಿವಾಸಿ ಆಗಿದ್ದರೆ 50 ಲಕ್ಷ ಮತ್ತು ಮೇಲಿನ ವ್ಯವಹಾರದಲ್ಲಿ ಕೊಳ್ಳೋರು 1% ಹಿಡಿದು ಕಟ್ಟಬೇಕು, ಅಂದ್ರೆ 62,000. ಅನಿವಾಸಿ ಆಗಿದ್ದರೆ ಸಾಮಾನ್ಯವಾಗಿ ಲಾಭದ ಮೇಲಲ್ಲ, ಪೂರ್ತಿ 62 ಲಕ್ಷದ ಮೇಲೇ ಹಿಡೀತಾರೆ. ಸರ್ಚಾರ್ಜ್, ಸೆಸ್ ಸೇರಿ 14.3%. ಸುಮಾರು 8.87 ಲಕ್ಷ! ನಿಜವಾದ ತೆರಿಗೆ ಅದರ ಅರ್ಧದ ಆಸುಪಾಸು. ಉಳಿದದ್ದು ರಿಟರ್ನ್ ಹಾಕಿ ವಾಪಸ್ ಬರೋವರೆಗೆ ಸರ್ಕಾರದ ಹತ್ತಿರ. ಮುಂಚೆಯೇ ಅರ್ಜಿ ಹಾಕಿ ‘ಕಡಿಮೆ ಹಿಡಿಯಿರಿ’ ಅನ್ನೋ ಪ್ರಮಾಣಪತ್ರ ತರಿಸಬಹುದು, ತರಿಸಲೇಬೇಕು. ಆದರೆ ಅದಕ್ಕೆ ವಾರಗಳು ಬೇಕು, ಗಿರಾಕಿಗೆ ತಾಳ್ಮೆ ಬೇಕು. ನಮ್ಮ ಕಡೆ ಗಿರಾಕಿ ‘ಎನ್‌ಆರ್‌ಐ ಮನಿ ಅಂದ್ರ ಕಿರಿಕಿರಿ’ ಅಂತ ಪಕ್ಕದ ಮನೆ ನೋಡೋಕೆ ಹೋಗಿಬಿಡ್ತಾನೆ. (2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರುಗಳೆಲ್ಲ ಬೇರೆ. ಅದಕ್ಕೇ ಇಲ್ಲಿ ಒಂದೂ ಬರೆದಿಲ್ಲ.)

ಇಷ್ಟು ಓದಿದರೆ ‘ಹಾಗಾದ್ರೆ ಈಗಲೇ ಮಾರಿಬಿಡಿ ಅಂತ ಹೇಳ್ಬೇಕಲ್ವಾ’ ಅನ್ಸುತ್ತೆ. ಬಾಡಿಗೆ ಲೆಕ್ಕವೂ ಮಾರೋದರ ಕಡೆಗೇ ತಳ್ಳುತ್ತೆ. 13,000 ಅಂದ್ರೆ ವರ್ಷಕ್ಕೆ 1.56 ಲಕ್ಷ, 62 ಲಕ್ಷದ ಮನೆಗೆ 2.5%. ಮನೆ ತೆರಿಗೆ, ಸುಣ್ಣಬಣ್ಣ, ಒಂದು ತಿಂಗಳು ಖಾಲಿ ಬಿದ್ದರೆ ಅದು, ಮೋಟರ್ ಸುಟ್ಟರೆ ಅದು, ಎಲ್ಲ ಕಳೆದರೆ 2% ಉಳಿದರೆ ಹೆಚ್ಚು. ಬ್ಯಾಂಕ್ ಡಿಪಾಜಿಟ್ ಇದಕ್ಕಿಂತ ಎಷ್ಟೋ ವಾಸಿ. ಬಾಡಿಗೆ ಆಸೆಗೆ ಮನೆ ಇಟ್ಟುಕೊಳ್ಳೋದು ದಡ್ಡತನ, ಇದನ್ನ ನಿಮ್ಮ ತಮ್ಮನಿಗೂ ಹೇಳಿ.

ಆದರೆ ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಅಪ್ಪನ ಸಾಲು. ವಯಸ್ಸಾದ ಅಪ್ಪ, ಅವ್ವ ಆಳಂದದಲ್ಲಿ ಇದ್ದಾರೆ. ಎದೆ ನೋವು ಅಂದ್ರೆ ಜಯದೇವ ಆಸ್ಪತ್ರೆಗೆ, ಬೇರೇನಾದರೂ ಅಂದ್ರೆ ಜಿಮ್ಸ್ ಆಸ್ಪತ್ರೆಗೋ ಇಎಸ್‌ಐಗೋ, ಎಲ್ಲದಕ್ಕೂ ಅವರು ಬರೋದು ಕಲಬುರಗಿಗೇ. ಮೂರು ದಿನ ತಪಾಸಣೆ ಅಂದ್ರೆ ಎಲ್ಲಿ ಉಳೀತಾರೆ? ಇಲ್ಲಿಯವರೆಗೆ ನಿಮ್ಮ ಮನೆಯಲ್ಲಿ ಉಳೀತಿದ್ದರು. ಅವರು ಎದ್ದು ಹೊರಗೆ ಹೋಗೋದು ಮನೆ ಮೇಲಿನ ಆಸೆಯಿಂದ ಅಂತ ನೀವು ಅಂದುಕೊಂಡಿರಬಹುದು. ನನಗೆ ಹಾಗನ್ನಿಸಲಿಲ್ಲ. ‘ನಮಗೆ ಊರಲ್ಲಿ ಒಂದು ಮಂಚ ಬೇಕು’ ಅಂತ ಮಗನ ಹತ್ತಿರ ಬಾಯಿಬಿಟ್ಟು ಕೇಳೋದು ಆ ವಯಸ್ಸಿನವರಿಗೆ ಕಷ್ಟ. ಮೇಲಿನ ಕೋಣೆ ಇಟ್ಟುಕೊಳ್ಳಿ ಅಂದಿದ್ದು ಅದಕ್ಕೇ. ಆ ಕೋಣೆಗೆ ಮೆಟ್ಟಿಲು ಹೊರಗಿನಿಂದ ಇದೆಯಾ? ಇಲ್ಲದಿದ್ದರೆ ಒಂದು ಕಬ್ಬಿಣದ ಮೆಟ್ಟಿಲು ಹಾಕಿಸಿ, ಅಟ್ಯಾಚ್ ಬಾತ್‌ರೂಮ್ ಇರಲಿ. ಒಂದು ಕೂಲರ್ ಅಲ್ಲೇ ಬಿಟ್ಟುಹೋಗಿ, ಮೇ ತಿಂಗಳಲ್ಲಿ ಮೇಲಿನ ಕೋಣೆ ಅಂದ್ರೆ ಹೇಗಿರುತ್ತೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ.

ಇನ್ನೊಂದು ಕಾರಣ, ನೀವು ವಾಪಸ್ ಬರ್ತೀರಾ ಇಲ್ವಾ ಅಂತ ನಿಮಗೇ ಇನ್ನೂ ಗೊತ್ತಿಲ್ಲ. ಗೊತ್ತಿರೋಕೆ ಸಾಧ್ಯವೂ ಇಲ್ಲ. ಮೊದಲ ಎರಡು ಚಳಿಗಾಲ ಕಳೀಲಿ. ಕೆನಡಾ ನಿಮಗೆ ಒಂದು ಅನುಕೂಲವನ್ನೂ ಕೊಡುತ್ತೆ. ನೀವು ಅಲ್ಲಿ ತೆರಿಗೆ ನಿವಾಸಿ ಆದ ದಿನ ನಿಮ್ಮ ಕಲಬುರಗಿ ಮನೆಯನ್ನ ಅವತ್ತಿನ ಮಾರುಕಟ್ಟೆ ಬೆಲೆಗೆ ಕೊಂಡಿದ್ದೀರಿ ಅಂತಲೇ ಅವರು ಲೆಕ್ಕ ಹಿಡೀತಾರೆ. ಮುಂದೆ ಮಾರಿದಾಗ ಆ ಬೆಲೆಯ ಮೇಲಿನ ಏರಿಕೆಗೆ ಮಾತ್ರ ಅಲ್ಲಿ ತೆರಿಗೆ, ಭಾರತದಲ್ಲಿ ಕಟ್ಟಿದ್ದಕ್ಕೆ ಅಲ್ಲಿ ವಿನಾಯಿತಿ ಸಿಗುತ್ತೆ. ಆದರೆ ಆ ಬೆಲೆಗೆ ಪುರಾವೆ ಬೇಕಲ್ಲ? ಹೊರಡೋ ವಾರದಲ್ಲಿ ಸರ್ಕಾರಿ ಮಾನ್ಯತೆ ಇರೋ ವ್ಯಾಲ್ಯುವರ್‌ನಿಂದ ವರದಿ ಬರೆಸಿ ಇಟ್ಟುಕೊಳ್ಳಿ. ಹತ್ತು ವರ್ಷ ಆದ ಮೇಲೆ ‘2026ರಲ್ಲಿ ಎಷ್ಟಿತ್ತು’ ಅಂತ ಹುಡುಕೋದು ಇದೆಯಲ್ಲ, ಅದು ಬೇಡ.

ಅಲ್ಲಿ ನಿಮ್ಮ ಬಾಡಿಗೆ ಆದಾಯವನ್ನೂ ತೋರಿಸಬೇಕು, ಪ್ರಪಂಚದ ಎಲ್ಲಿ ಬಂದರೂ ತೋರಿಸಬೇಕು. ಹೊರದೇಶದ ಆಸ್ತಿ ಒಟ್ಟು 1 ಲಕ್ಷ ಕೆನಡಾ ಡಾಲರ್ ದಾಟಿದರೆ ಟಿ1135 ಅಂತ ಬೇರೆ ಫಾರ್ಮ್ ಇದೆ. ಮೊದಲ ವರ್ಷ ಬೇಡ, ಎರಡನೇ ವರ್ಷದಿಂದ ಬೇಕು, ಮರೆತರೆ ದಿನಕ್ಕೆ 25 ಡಾಲರ್‌ನಂತೆ 2,500ರವರೆಗೆ ದಂಡ. ಡಾಲರಿಗೆ ಅರವತ್ತು ರೂಪಾಯಿ ಮೇಲಿನ ದರದಲ್ಲಿ ನಿಮ್ಮ ಮನೆ ಆ ಗೆರೆಯ ಹತ್ತಿರವೇ ಕೂತಿದೆ, ಹೊಲ ಸೇರಿಸಿದರೆ ದಾಟಿಬಿಡುತ್ತೆ. ಹಾಕಿಬಿಡಿ.

ಇಡೀ ಮನೆಗೆ ಬೀಗ ಹಾಕಿ ಹೋಗೋ ಯೋಚನೆ ಇದ್ದರೆ ಅದನ್ನ ಇವತ್ತೇ ಬಿಡಿ. ನಮ್ಮ ದೊಡ್ಡಪ್ಪನ ಮಗ ದುಬೈಗೆ ಹೋದಾಗ ಮನೆ ಕೀಲಿ ನನ್ನ ಕೈಗೆ ಕೊಟ್ಟ. ‘ತಿಂಗಳಿಗೊಮ್ಮೆ ಕಣ್ಣಾಡಿಸು’ ಅಂದ. ನಾನು ಎರಡು ತಿಂಗಳು ಹೋದೆ, ಆಮೇಲೆ ರಿಟರ್ನ್ ಹಾಕೋ ಸೀಸನ್ ಬಂತು, ಸುಮ್ನೆ ಯಾಕೆ ಸುಳ್ಳು ಹೇಳಲಿ, ಮರೆತೇ ಬಿಟ್ಟೆ. ಮುಂದಿನ ಜೂನಿನಲ್ಲಿ ಮೊದಲ ದೊಡ್ಡ ಮಳೆ ಆದ ಮೇಲೆ ಹೋಗಿ ಬಾಗಿಲು ತೆಗೆದರೆ ಒಳಗೆ ಒದ್ದೆ ಗೋಣಿಚೀಲದ ವಾಸನೆ. ಮಾಳಿಗೆ ಮೇಲಿನ ನೀರು ಹೋಗೋ ಪೈಪಿನ ಬಾಯಿಗೆ ಪಾರಿವಾಳದ ಪುಕ್ಕ, ಕಡ್ಡಿ ಸೇರಿ ಬಿರಟೆ ಹಾಕಿದಂಗಾಗಿತ್ತು, ಅಲ್ಲೇ ಪ್ಯಾರಪೆಟ್ ಗೋಡೆಯಲ್ಲಿ ಮೊಣಕಾಲೆತ್ತರದ ಅರಳಿ ಸಸಿ. ನೀರು ಗೋಡೆಗುಂಟ ಇಳಿದು ತಳಪಾಯಕ್ಕೆ ಹೋಗಿತ್ತು. ನಮ್ಮದು ಎರೆಮಣ್ಣು, ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಅಡುಗೆಮನೆ ಗೋಡೆಯ ಬಿರುಕಿನಲ್ಲಿ ನಾನು ಒಂದು ರೂಪಾಯಿ ನಾಣ್ಯ ನಿಲ್ಲಿಸಿ ನೋಡಿದೆ, ನಿಂತಿತು. ಕೆಳಗೆ ಶಹಾಬಾದ್ ಫರಸಿ ಎರಡು ಕಡೆ ಎದ್ದಿತ್ತು. ಅಲಮಾರಿಯಲ್ಲಿದ್ದ ಅವನ ಮದುವೆ ಆಲ್ಬಮ್ಮನ್ನ ಗೆದ್ದಲು ಅರ್ಧ ಮುಗಿಸಿತ್ತು. ಅದನ್ನ ಫೋನಿನಲ್ಲಿ ಅತ್ತಿಗೆಗೆ ಹೇಳೋಕೆ ನನಗೆ ಎರಡು ದಿನ ಬೇಕಾಯ್ತು. ಜನ ಇರೋ ಮನೆಯಲ್ಲಿ ಪೈಪ್ ಸೋರಿದರೆ ಅವತ್ತೇ ಗೊತ್ತಾಗುತ್ತೆ. ಬಾಡಿಗೆದಾರರ ದೊಡ್ಡ ಉಪಯೋಗ ಅದೇ, 13,000 ಅಲ್ಲ.

ಬಾಡಿಗೆಗೆ ಯಾರಿಗೆ ಕೊಡೋದು? ಬ್ಯಾಂಕ್ ಆಫೀಸರ್ ಸಿಕ್ಕರೆ ಬೇರೆ ಕಡೆ ನೋಡಬೇಡಿ. ಸರ್ಕಾರಿ ಬ್ಯಾಂಕುಗಳು ತಮ್ಮ ಆಫೀಸರುಗಳಿಗೆ ಲೀಸ್ ಮೇಲೆ ಮನೆ ಹಿಡಿದುಕೊಡ್ತಾರೆ, ಕರಾರು ಬ್ಯಾಂಕಿನ ಜೊತೆ, ಬಾಡಿಗೆ ತಿಂಗಳಿಗೆ ಸರಿಯಾಗಿ ಖಾತೆಗೆ ಬೀಳುತ್ತೆ, ಮೂರು ವರ್ಷಕ್ಕೆ ವರ್ಗ ಆಗಿ ಹೋಗ್ತಾರೆ. ಇಲ್ಲದಿದ್ದರೆ ಆಸ್ಪತ್ರೆಯ ಡಾಕ್ಟರು, ಕಾಲೇಜಿನ ಮೇಷ್ಟ್ರು, ವರ್ಗ ಆಗಿ ಬಂದ ನೌಕರರು. ಹುಡುಗರ ಗುಂಪಿಗೆ ಜಾಸ್ತಿ ಬಾಡಿಗೆ ಬರುತ್ತೆ, ಆದರೆ ಮೇಲೆ ಅಪ್ಪ, ಅವ್ವ ಬಂದು ಉಳಿಯೋ ಮನೆ ಅದು, ಬೇಡ. ಪರಿಚಯದವರು, ದೂರದ ಬೀಗರು ಇನ್ನೂ ಬೇಡ. ಬೇರೆಯವರಿಗೆ ಬಿಡಿ ಅನ್ನಬಹುದು, ಬೀಗರಿಗೆ ಹೇಗೆ ಹೇಳ್ತೀರಿ?

‘ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆಯವರದೇ ಆಗುತ್ತಂತೆ’ ಅಂತ ಯಾರಾದರೂ ಹೆದರಿಸಿಯೇ ಇರ್ತಾರೆ. ಇಲ್ಲ, ಆಗಲ್ಲ. ಆ ಹನ್ನೆರಡು ವರ್ಷದ ಕಾನೂನು ಮಾಲೀಕನ ಹಕ್ಕನ್ನೇ ಒಪ್ಪದೆ, ಅವನಿಗೆ ಎದುರಾಗಿ, ಬಹಿರಂಗವಾಗಿ ಹಿಡಿದು ಕೂತವನಿಗೆ. ನಿಮ್ಮ ಅನುಮತಿಯಿಂದ, ಕರಾರು ಬರೆದು, ಬಾಡಿಗೆ ಕೊಟ್ಟುಕೊಂಡು ಇರೋನು ಅದನ್ನ ಹೇಳೋ ಹಾಗಿಲ್ಲ. ಅದಕ್ಕೇ ಬರವಣಿಗೆ ಮುಖ್ಯ, ಬಾಯಿಮಾತಿಗೆ ಬಿಡಬೇಡಿ. 11 ತಿಂಗಳ ಕರಾರು ಬರೆಯೋ ರೂಢಿ ಬಂದಿದ್ದು ಒಂದು ವರ್ಷ ಮೀರಿದ ಲೀಸಿಗೆ ನೋಂದಣಿ ಕಡ್ಡಾಯ ಅಂತ. ಬರೆಸಿ, ಪ್ರತಿ ಸಲ ಹೊಸದಾಗಿ ಬರೆಸಿ, ಮೇಲಿನ ಕೋಣೆ ಇದರಲ್ಲಿ ಸೇರಿಲ್ಲ ಅಂತ ಸ್ಪಷ್ಟವಾಗಿ ಹಾಕಿಸಿ. ಜೆಸ್ಕಾಂ ಮೀಟರಿನಲ್ಲಿ ಗೃಹಜ್ಯೋತಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ತೆಗೆಸಿಬಿಡಿ, ಬರೋರು ಮೊದಲು ಕೇಳೋದೇ ಅದನ್ನ.

ಬಾಡಿಗೆ ಹಣ ಎಲ್ಲಿಗೆ ಬರಬೇಕು ಅನ್ನೋದರಲ್ಲಿ ತುಂಬಾ ಜನ ಎಡವುತ್ತಾರೆ. ‘ತಮ್ಮನ ಖಾತೆಗೆ ಹಾಕ್ಲಿ, ಅವನೇ ಖರ್ಚು ನೋಡ್ಕೋತಾನೆ’ ಅಂತಾರೆ. ಮಾಡಬೇಡಿ. ಹೊರಟ ಮೇಲೆ ನಿಮ್ಮ ಈಗಿನ ಉಳಿತಾಯ ಖಾತೆ ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ ಖಾತೆ) ಆಗಬೇಕು, ಬಾಡಿಗೆ ಅಲ್ಲಿಗೇ ಬರಬೇಕು. ಅಲ್ಲಿಂದ ತಮ್ಮನಿಗೆ ಖರ್ಚಿಗೆ ಅಂತ ಕಳಿಸಿ, ಬೇಕಾದರೆ ಅಪ್ಪನ ಔಷಧಿಗೆ ಪೂರ್ತಿ ಕಳಿಸಿ, ಅದು ನಿಮ್ಮಿಷ್ಟ. ಆದರೆ ಲೆಕ್ಕ ನಿಮ್ಮ ಖಾತೆಯಲ್ಲಿ ಕಾಣಬೇಕು. ಮುಂದೆ ಹಣ ಹೊರಗೆ ಕಳಿಸೋಕೂ ಆ ಖಾತೆಯಿಂದಲೇ ದಾರಿ. ತೆರಿಗೆ ಕಟ್ಟಿ, ಸಿ.ಎ. ಹತ್ತಿರ ಅದರ ಫಾರ್ಮ್, ಪ್ರಮಾಣಪತ್ರ ಮಾಡಿಸಿದರೆ ವರ್ಷಕ್ಕೆ 10 ಲಕ್ಷ ಅಮೆರಿಕನ್ ಡಾಲರ್‌ವರೆಗೆ ಕಳಿಸಬಹುದು, ನಮಗೆಲ್ಲ ಅದು ಬೇಕಾದಷ್ಟಾಯ್ತು.

ಇದರಲ್ಲಿ ಒಂದು ಮುಳ್ಳಿದೆ. ಮಾಲೀಕ ಅನಿವಾಸಿ ಆದರೆ ಬಾಡಿಗೆದಾರ 31.2% ಟಿಡಿಎಸ್ ಹಿಡೀಬೇಕು. 13,000ಕ್ಕೆ 4,056 ರೂಪಾಯಿ. ಬಾಡಿಗೆ ಇಷ್ಟೇ ಇದ್ದರೂ ಹಿಡೀಬೇಕು, ಕೆಳಮಿತಿ ಅಂತ ಇಲ್ಲ. ನಮ್ಮೂರಲ್ಲಿ ಇದು ಎಷ್ಟು ಬಾಡಿಗೆದಾರರಿಗೆ ಗೊತ್ತಿದೆ ಅಂತ ಕೇಳಬೇಡಿ. ಬ್ಯಾಂಕ್ ಲೀಸ್ ಒಳ್ಳೇದು ಅಂದಿದ್ದಕ್ಕೆ ಇದೂ ಒಂದು ಕಾರಣ, ಅವರು ಹಿಡಿದು ಸರಿಯಾಗಿ ಕಟ್ಟಿಬಿಡ್ತಾರೆ. ನಿಮಗೆ ಇಲ್ಲಿ ಬೇರೆ ದೊಡ್ಡ ಆದಾಯ ಇಲ್ಲ. ಬಾಡಿಗೆಯಲ್ಲಿ ಮನೆ ತೆರಿಗೆ ಕಳೆದು, ಉಳಿದದ್ದರಲ್ಲಿ 30% ರಿಪೇರಿಗೆ ಅಂತ ಬಿಡ್ತಾರೆ. ಉಳಿಯೋದು 1.1 ಲಕ್ಷದೊಳಗೆ. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಹಾಗಾಗಿ ರಿಟರ್ನ್ ಹಾಕಿದರೆ ಹಿಡಿದದ್ದೆಲ್ಲ ವಾಪಸ್. ಪ್ರತಿ ಜುಲೈ 31ರೊಳಗೆ ಹಾಕಿ.

ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಡ್ತೀರಿ, ಕೊಡಲೇಬೇಕು. ಬಾಡಿಗೆಗೆ ಕೊಡೋದು, ಕರಾರಿಗೆ ಸಹಿ, ಪಾಲಿಕೆ ತೆರಿಗೆ, ಕರೆಂಟ್, ನೀರು, ಬೇಕಾದರೆ ಕೋರ್ಟು, ಇಷ್ಟೇ ಬರೆಸಿ. ಮಾರೋ ಅಧಿಕಾರ ಬರೆಸಬೇಡಿ. ತಮ್ಮನ ಮೇಲೆ ಅನುಮಾನ ಅಂತಲ್ಲ. ಮಾರೋ ಅಧಿಕಾರ ಇರೋ ಕಾಗದ ಊರಲ್ಲಿದೆ ಅಂತ ಗೊತ್ತಾದರೆ ಏಜೆಂಟರು ಆ ಹುಡುಗನನ್ನ ಹೊಲಕ್ಕೂ ಹೋಗೋಕೆ ಬಿಡಲ್ಲ. ಮಾರೋ ಕಾಲ ಬಂದಾಗ ಆ ಒಂದು ಗಿರಾಕಿಗೆ, ಆ ಒಂದು ಬೆಲೆಗೆ ಅಂತ ಬೇರೆ ಕಾಗದ ಮಾಡಿ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು, ಅದೊಂದು ನೆನಪಿರಲಿ. ಫೆಬ್ರುವರಿ, ಮಾರ್ಚಿನಲ್ಲಿ ಒಳ್ಳೆ ಗಿರಾಕಿ ಸಿಕ್ಕರೂ ಇದೇ ದಾರಿ.

ಸಾಲದ 6 ಲಕ್ಷ ಸಾಧ್ಯವಾದರೆ ಈಗಲೇ ತೀರಿಸಿ. ತೀರಿಸಿದ 30 ದಿನದೊಳಗೆ ಬ್ಯಾಂಕು ನಿಮ್ಮ ಮೂಲ ಕಾಗದ ವಾಪಸ್ ಕೊಡಬೇಕು, ಅವರ ಕಡೆಯಿಂದ ತಡ ಆದರೆ ದಿನಕ್ಕೆ 5,000 ಪರಿಹಾರ ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ನಿಮ್ಮ ಕೈಗೆ ತಗೊಂಡು ಹೋಗಿ, ಅಂಚೆಗೆ ಬಿಡಬೇಡಿ. ಇ-ಖಾತಾ ಇನ್ನೂ ಆಗದಿದ್ದರೆ ನೀವು ಇಲ್ಲಿರುವಾಗಲೇ ಪಾಲಿಕೆಗೆ ನಾಲ್ಕು ಸಲ ಓಡಾಡಿ ಮಾಡಿಸಿ. ಈಗ ಅದಿಲ್ಲದೆ ಮನೆ ನೋಂದಣಿ ಆಗಲ್ಲ, ಹೆಸರಲ್ಲಿ ಒಂದು ಅಕ್ಷರ ತಪ್ಪಿದ್ದರೂ ಆಮೇಲೆ ತಿದ್ದಿಸೋ ಪಾಡು ತಮ್ಮನದು.

ಹೊಲದ ಬಗ್ಗೆ ಕಡಿಮೆ ಹೇಳಿದರೆ ಸಾಕು. ನಿವಾಸಿ ಆಗಿದ್ದಾಗ ಬಂದ ಹೊಲ ಅನಿವಾಸಿ ಆದ ಮೇಲೂ ನಿಮ್ಮದೇ, ಮಾರಬೇಕಾಗಿಲ್ಲ. ಹೊಸದಾಗಿ ಹೊಲ ಕೊಳ್ಳೋ ಹಾಗಿಲ್ಲ, ಮುಂದೆ ಮಾರಿದರೆ ಇಲ್ಲೇ ಇರೋ ಭಾರತೀಯರಿಗೇ ಮಾರಬೇಕು. ತೊಗರಿ ದುಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಕೆನಡಾದಲ್ಲಿ ಆ ವಿನಾಯಿತಿ ಇಲ್ಲ. ನಿಮ್ಮ ಪಾಲಿಗೆ ಬಂದಷ್ಟನ್ನ ತೋರಿಸಿ.

ಒಂದು ಮಾತು ಅಪ್ಪನಿಗೆ ನೀವೇ ಹೇಳಿ, ತಮ್ಮನ ಕೈಲಿ ಹೇಳಿಸಬೇಡಿ. ಮೇಲಿನ ಕೋಣೆ ಕೀಲಿ ಅವರ ಕೈಗೇ ಕೊಡಿ. ಪವರ್ ಆಫ್ ಅಟಾರ್ನಿ ನೋಂದಣಿಗೆ ಸಬ್ ರಿಜಿಸ್ಟ್ರಾರ್ ಆಫೀಸಿನ ದಿನವನ್ನ ಡಿಸೆಂಬರ್ ಎರಡನೇ ವಾರದೊಳಗೇ ಹಿಡಿದುಕೊಳ್ಳಿ. ಕ್ರಿಸ್‌ಮಸ್ ಆದ ಮೇಲೆ ಅಂದುಕೊಂಡರೆ ಒಂದಿನ ಸರ್ವರ್ ಇರಲ್ಲ, ಒಂದಿನ ಸಾಹೇಬರು ಇರಲ್ಲ, ನಿಮ್ಮ ಟಿಕೆಟ್ ಮಾತ್ರ ಮುಂದಕ್ಕೆ ಹೋಗಲ್ಲ.